ಮೂರನೇ ಕೂಗು

ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿದೆ, ಒಂದು ದಿನವೂ ಕಟಕಟೆ ಹತ್ತಿದವನಲ್ಲ. ರಿಟೈರಾಗಿ ಮನೆಯಲ್ಲಿ ಕೂತ ಮೇಲೆ ಮಗಳ ಮಾತು ತೆಗೆದುಹಾಕಲಾರದೆ ಹಾಸನದಲ್ಲಿ ಒಂದು ಹಾಸ್ಯನಾಟಕ ನೋಡಲು ಹೋದೆ ನೋಡಿ, ಅಲ್ಲಿ ಹತ್ತಿಸಿಬಿಟ್ಟರು. ಟಿಕೆಟ್ಟು ತೆಗೆದುಕೊಂಡು ನಗೋದಕ್ಕೆ ಹೋದವನು ನಾನು. ಮಗಳ ಕೈ ಹಿಡಿದುಕೊಂಡು ಹೊರಗೆ ಬಂದೆ. ಆ ಗಾಬರಿ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬರೆಯುತ್ತಿರುವುದು ಮುಖ್ಯವಾಗಿ ಹೊಸದಾಗಿ ಕೋರ್ಟಿನ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರಿಗೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಎಂಥ ಶಾಲು ಹೊದಿಸಿದರು ಅನ್ನೋದೆಲ್ಲ ನಿಮಗೆ ಬೇಡ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹೀಗೆ ನಾಲ್ಕೂ ಕಡೆ ಸುತ್ತಿದ್ದೇನೆ. ಯಾವ ಕಥೆ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ನಾಲ್ಕೂ ಊರಿನವರು "ಇದು ನಮ್ಮೂರಿಂದಲ್ಲ" ಅಂದುಕೊಂಡು ನೆಮ್ಮದಿಯಾಗಿರಲಿ. ತಪ್ಪು ಊರಿನದಲ್ಲ, ನನ್ನದು.

ನನ್ನ ಹುದ್ದೆಗೆ ಕಾಗದದ ಮೇಲೆ ದಲಾಯತ್ ಎಂದು ಹೆಸರು. ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಅದರ ಮೇಲೆ ಹಿತ್ತಾಳೆ ಬಿಲ್ಲೆ. ಕಡತ ಹೊರುವುದು, ಜಡ್ಜ್ ಸಾಹೇಬರ ಕುರ್ಚಿ ಎಳೆಯುವುದು, ನೀರಿಡುವುದು, ಇದೆಲ್ಲ ಇದ್ದದ್ದೇ. ಆದರೆ ಜನಕ್ಕೆ ಗೊತ್ತಿದ್ದದ್ದು ನನ್ನ ಗಂಟಲು. ಬೆಂಚ್ ಕ್ಲರ್ಕು ಕೇಸಿನ ಹೆಸರು ಓದಿದರೆ ನಾನು ಹೊರಗೆ ಹೋಗಿ ಕೂಗಬೇಕು. ಹಂಗಾಗಿ ಎಲ್ಲ ಕಡೆಯೂ ನಾನು "ಕೂಗೋ ಬೋರಣ್ಣ". ಸಂತೆಯಲ್ಲಿ ಸಿಕ್ಕರೂ "ಏನ್ ಬೋರಣ್ಣ, ಇಲ್ಲೂ ಒಂದ್ಸಲ ಕೂಗು, ನಮ್ಮ ಎಂಡ್ರು ಕಳ್ದೋಗವ್ಳೆ" ಎಂದು ತಮಾಷೆ ಮಾಡುತ್ತಿದ್ದರು.

ಮೊದಲ ದಿನವೇ ಎಡವಿದೆ. ಬೆಂಚ್ ಕ್ಲರ್ಕು "ತಿಮ್ಮೇಗೌಡ" ಎಂದರು. ನಾನು ಹೊರಗೆ ಹೋಗಿ ಎದೆ ಬಿಚ್ಚಿ "ತಿಮ್ಮೇಗೌಡಾ" ಎಂದು ಕೂಗಿದೆ. ಆರು ಜನ ಎದ್ದು ಬಂದರು! ಅದರಲ್ಲಿ ಒಬ್ಬ ಕೋರ್ಟಿಗೆ ಬಂದವನೇ ಅಲ್ಲ, ಎದುರಿನ ತಾಲ್ಲೂಕು ಕಚೇರಿಗೆ ಪಹಣಿ ತೆಗೆಸಲು ಬಂದವನು. ಸರ್ಕಾರದವರು ಕರೆದರಲ್ಲ ಎಂದು ಹೆದರಿ ಬಂದು ಕೈಮುಗಿದು ನಿಂತಿದ್ದ. ಅವನನ್ನು ಕಟಕಟೆಯ ತನಕ ಕರೆದುಕೊಂಡು ಹೋಗಿ ನಿಲ್ಲಿಸಿಬಿಟ್ಟಿದ್ದೆ. ಸಾಹೇಬರು ಕನ್ನಡಕದ ಮೇಲಿನಿಂದ ಒಂದು ಸಲ ನೋಡಿದರು, ಅಷ್ಟೇ. ಅವತ್ತಿನಿಂದ ಅಪ್ಪನ ಹೆಸರಿಲ್ಲದೆ ಯಾರ ಹೆಸರನ್ನೂ ಕೂಗಲಿಲ್ಲ. ಗಂಡಸಾದರೆ "ಬಿನ್" ಹಾಕಿ ಅಪ್ಪನ ಹೆಸರು, ಮದುವೆಯಾದ ಹೆಂಗಸಾದರೆ "ಕೋಂ" ಹಾಕಿ ಗಂಡನ ಹೆಸರು, ಆಮೇಲೆ ಊರು.

ಇನ್ನೊಂದು ಸಲ ಕೋಳಿ ಅಂಕದ ಕೇಸು. ಪೊಲೀಸರು ಹಿಡಿದಿದ್ದ ಹುಂಜವನ್ನೂ ತಂದು ಜಗಲಿಯ ಕಂಬಕ್ಕೆ ಕಟ್ಟಿದ್ದರು. ನಾನು ಆರೋಪಿಯ ಹೆಸರು ಕೂಗಿದ ಕೂಡಲೇ ಅದು ಕೂಗಿತು. ಮತ್ತೆ ಕೂಗಿದೆ, ಅದೂ ಮತ್ತೆ ಕೂಗಿತು. ಒಳಗಿನಿಂದ ಸಾಹೇಬರು, "ಬೋರಣ್ಣ, ಆರೋಪಿ ಹಾಜರು ಅಂತ ಬರ್ಕೊಳ್ಳೋದಾ?" ಎಂದು ಕೇಳಿದರು. ಲಾಯರುಗಳು ಕರಿಕೋಟಿನ ತೋಳಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಇಂಥ ದಿನಗಳೂ ಇದ್ದವು.

ಈಗ ಕೆಲಸದ ಗುಟ್ಟಿಗೆ ಬರುತ್ತೇನೆ. ನನಗೆ ಕೆಲಸ ಕಲಿಸಿದವರು ಹಿರಿಯ ದಲಾಯತ್ ರಂಗಪ್ಪನವರು. ಅವರು ಮೊದಲು ಕಲಿಸಿದ್ದು ಎಲ್ಲಿ ನಿಂತು ಕೂಗಬೇಕು ಅನ್ನೋದನ್ನ. ಒಬ್ಬರನ್ನು ಮೂರು ಸಲ ಕೂಗಬೇಕು ಅನ್ನೋದು ಎಲ್ಲರಿಗೂ ಗೊತ್ತು. ಒಂದೇ ಜಾಗದಲ್ಲಿ ನಿಂತು ಮೂರು ಸಲ ಬಡಬಡ ಅಂದರೆ ಅದು ಕೂಗಲ್ಲ ಎನ್ನುತ್ತಿದ್ದರು ಅವರು. ಮೊದಲ ಕೂಗು ಕೋರ್ಟ್ ಹಾಲಿನ ಬಾಗಿಲಲ್ಲಿ, ಅದು ಒಳಗೆ ಕೂತವರಿಗೆ ಮತ್ತು ಲಾಯರುಗಳಿಗೆ. ಎರಡನೆಯದು ಜಗಲಿಯಿಂದ ಗೇಟಿನ ಕಡೆ ಮುಖ ಮಾಡಿ, ಅದು ಹುಣಸೆ ಮರದ ಕೆಳಗೆ ಬೀಡಿ ಸೇದುತ್ತ ಕೂತ ಗಂಡಸರಿಗೆ. ಮೂರನೆಯದಕ್ಕೆ ಜಗಲಿ ಇಳಿದು, ಕಟ್ಟಡ ಬಳಸಿಕೊಂಡು ಹಿಂದಕ್ಕೆ ಹೋಗಬೇಕು. ಅಲ್ಲಿ ಹೊಂಗೆ ಮರ, ಮರದ ಕೆಳಗೆ ಒಂದು ನಲ್ಲಿ. ಕೋರ್ಟಿಗೆ ಬಂದ ಹೆಂಗಸರು ಗಂಡಸರ ನಡುವೆ ಕೂರಲು ಮುಜುಗರಪಟ್ಟು ಅಲ್ಲಿ ಹೋಗಿ ಕೂರುತ್ತಿದ್ದರು, ಬುತ್ತಿ ಬಿಚ್ಚುತ್ತಿದ್ದರು, ಕೂಸಿಗೆ ಹಾಲು ಕುಡಿಸುತ್ತಿದ್ದರು.

"ಮೂರನೇ ಕೂಗು ಹೆಂಗಸರ ಕೂಗು ಕಣ್ಲಾ ಬೋರ" ಎಂದಿದ್ದರು ರಂಗಪ್ಪನವರು. "ಮಳೆ ಉಯ್ತಿರ್ಲಿ, ಕಾಲು ನೋಯ್ತಿರ್ಲಿ, ಅದನ್ನ ನುಂಗ್ಬೇಡ. ನುಂಗಿದ್ರೆ ಅರಗಾಕಿಲ್ಲ."

ಒಬ್ಬ ಸಾಹೇಬರು ಇದ್ದರು, ನಾನು ಕೂಗಲು ಹೋದರೆ ಮೇಜಿನ ಮೇಲೆ ಬೆರಳು ಮಡಚುತ್ತಿದ್ದರು. ಮೂರನೇ ಬೆರಳು ಮಡಚುವ ತನಕ ಪೆನ್ನು ಮುಟ್ಟುತ್ತಿರಲಿಲ್ಲ. ಅವರು ವರ್ಗವಾಗಿ ಹೋದ ಮೇಲೆ ಬಂದವರು ಒಳ್ಳೆಯವರೇ, ಆದರೆ ಅವಸರದ ಮನುಷ್ಯ. ಕೂಗು ಕೇಳಿತೋ ಇಲ್ಲವೋ, ನಾನು ಒಳಗೆ ಬಂದು ತಲೆ ಆಡಿಸಿದರೆ ಸಾಕು, ಬರೆದುಬಿಡುತ್ತಿದ್ದರು. ಅವರ ಕಾಲದಲ್ಲೇ ನಡೆದದ್ದು ಇದು.

ಸಾಕಮ್ಮ ಎಂಬ ಹೆಂಗಸು. ಗಂಡ ನಿಂಗೇಗೌಡ ತೀರಿಕೊಂಡಿದ್ದ. ಮೈದುನ ಆಕೆಯನ್ನೂ ಮಗನನ್ನೂ ಮನೆಯಿಂದ ಹೊರಗೆ ಹಾಕಿದ್ದ. ಮನೆಯಲ್ಲಿ ತನ್ನ ಪಾಲು ಕೊಡಿಸಿ ಎಂದು ಆಕೆ ಹಾಕಿದ್ದ ಕೇಸು ನಾಲ್ಕೈದು ವರ್ಷ ಎಳೆದು, ಅವತ್ತು ಆಕೆಯ ಸಾಕ್ಷಿ ಹೇಳಿಕೆಗೆ ಬಂದಿತ್ತು. ಆಕೆಯ ಲಾಯರು ಅವತ್ತು ಬೇರೆ ಊರಿನ ಕೋರ್ಟಿಗೆ ಹೋಗಿದ್ದರು, ಮಗನೂ ಜೊತೆಗೆ ಬಂದಿರಲಿಲ್ಲ. ಆಕೆ ಹೇಳಿಕೆ ಕೊಟ್ಟರೆ ಕೇಸು ಉಳಿಯುತ್ತದೆ, ಕರೆದಾಗ ಇಲ್ಲದಿದ್ದರೆ ವಜಾ.

ಬೆಂಚ್ ಕ್ಲರ್ಕು ಹೆಸರು ಓದಿದರು. ನಾನು ಬಾಗಿಲಲ್ಲಿ ನಿಂತು "ಸಾಕಮ್ಮ ಕೋಂ ಲೇಟ್ ನಿಂಗೇಗೌಡಾ, ಹಾಜರಿದ್ದೀರಾ" ಎಂದೆ. ಜಗಲಿಗೆ ಬಂದು ಗೇಟಿನ ಕಡೆ ಇನ್ನೊಂದು ಸಲ. ಆಗ ಕಂಡಿತು, ಕ್ಯಾಂಟೀನಿನವನು ಕಿಟಕಿಯ ಕಟ್ಟೆಯ ಮೇಲೆ ನನ್ನ ಟೀ ಲೋಟ ಇಟ್ಟು ಹೋಗಿದ್ದ. ಹಬೆ ಆಡುತ್ತಿತ್ತು. ಬೆಳಗ್ಗೆಯಿಂದ ಕೂಗಿ ಕೂಗಿ ಗಂಟಲು ಒಣಗಿತ್ತು. ಹಿಂದಕ್ಕೆ ಹೋಗಿ ಬರುವಷ್ಟರಲ್ಲಿ ಟೀ ಆರಿಹೋಗುತ್ತದೆ ಅನ್ನಿಸಿತು. ಎರಡು ಗುಟುಕು ಕುಡಿದೆ, ಒಳಗೆ ಹೋದೆ, ತಲೆ ಆಡಿಸಿದೆ. "ಮೂರು ಸಲ ಕೂಗಿಸಲಾಯಿತು, ವಾದಿ ಗೈರುಹಾಜರು, ದಾವೆ ವಜಾ" ಎಂದು ಬರೆದಾಯಿತು.

ಲಂಚ ತಿಂದು ಹೀಗೆ ಮಾಡಿದ್ದರೆ ನನ್ನನ್ನು ಲಂಚಕೋರ ಎಂದಾದರೂ ಕರೆಯಬಹುದಿತ್ತು. ಟೀಗೋಸ್ಕರ ಮಾಡಿದವನನ್ನು ಏನೆಂದು ಕರೆಯುತ್ತೀರಿ?

ಅರ್ಧ ಗಂಟೆ ಬಿಟ್ಟು ಆಕೆಯೇ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, "ಸ್ವಾಮಿ, ನಮ್ಮದು ಯಾವಾಗ ಕೂಗ್ತಾರೆ?" ಎಂದು ನನ್ನನ್ನೇ ಕೇಳಿದರು. ಆಗಲಾದರೂ ಒಳಗೆ ಓಡಿಹೋಗಿ ಸಾಹೇಬರ ಕಾಲು ಹಿಡಿಯಬಹುದಿತ್ತು. "ಕೂಗಾಯ್ತಲ್ಲಮ್ಮ, ಎಲ್ಲಿದ್ದೆ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಹುಳ ಬೀಳ.

ಅದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ಕೇಸನ್ನು ಮತ್ತೆ ತೆಗೆಯಿರಿ ಎಂದು ಅರ್ಜಿ ಹಾಕಿದರು. ಆಕೆಯ ಲಾಯರು ಜಗಲಿಯಲ್ಲೇ ನನ್ನ ಮುಂದೆಯೇ ಹೇಳಿದರು: "ನೋಡಮ್ಮ, ಅವತ್ತು ಜ್ವರ ಬಂದಿತ್ತು, ಬರೋಕಾಗಲಿಲ್ಲ ಅಂದ್ಬಿಡು. ಡಾಕ್ಟರ ಹತ್ರ ಒಂದು ಚೀಟಿ ತರೋಣ. ಕೇಸು ವಾಪಸ್ ಬರುತ್ತೆ."

ಸಾಕಮ್ಮ ಒಪ್ಪಲಿಲ್ಲ. "ನಾನು ಬಂದಿದ್ದೆ ಸಾ. ನಲ್ಲಿ ತಾವ ಕುಂತಿದ್ದೆ. ಬಂದವ್ಳು ಬರ್ಲಿಲ್ಲ ಅಂತ ಯಾಕೆ ಏಳ್ಲಿ? ನನ್ನ ಎಸ್ರು ಯಾರೂ ಕೂಗ್ಲಿಲ್ಲ."

ಸಾಹೇಬರು ನನ್ನನ್ನು ಕರೆದು, "ಮೂರು ಸಲ ಕೂಗಿದ್ದೆಯೇನಯ್ಯ?" ಎಂದು ಕೇಳಿದರು. ಇಡೀ ಹಾಲು ನನ್ನನ್ನೇ ನೋಡುತ್ತಿತ್ತು. ಕೆಲಸ ಹೋದರೆ ಹೆಂಡತಿ ಮಕ್ಕಳ ಗತಿ ಏನು ಎಂದು ಹೆದರಿದೆ. "ಕೂಗಿದ್ದೆ ಸ್ವಾಮಿ" ಎಂದೆ. ಅರ್ಜಿಯೂ ವಜಾ ಆಯಿತು. ಸುಳ್ಳು ಹೇಳಿದ್ದರೆ ಆಕೆ ಗೆಲ್ಲುತ್ತಿದ್ದರು. ನಿಜ ಹೇಳಿ ಸೋತರು. ಸುಳ್ಳು ಹೇಳಿದ ನಾನು ಮುಂದಿನ ತಿಂಗಳು ಹೊಸ ಬಿಲ್ಲೆ ಹಾಕಿಕೊಂಡೆ.

ಹೊರಗೆ ಹೊಂಗೆ ಮರದ ಕೆಳಗೆ ಆಕೆಯ ಮಗ ಕುಮಾರ, ಇಪ್ಪತ್ತರ ಹುಡುಗ, ತಾಯಿಯ ಮೇಲೆ ಕಿರುಚಾಡುತ್ತಿದ್ದ. "ನಿದ್ದೆ ಒಡೀತಿದ್ದೆ ನೀನು. ಇಲ್ದಿದ್ರೆ ಅರಟೆ ಒಡೀತಿದ್ದೆ. ಕೋರ್ಟಿನೋರು ಮೂರು ಸಲ ಕೂಗವ್ರೆ ಅಂದ್ರೆ ಕೂಗವ್ರೆ. ಅಟ್ಟಿ ಕಳ್ದ್ಬುಟ್ಟೆ ಕಣವ್ವ!" ಸಾಕಮ್ಮ ಅಳಲಿಲ್ಲ. "ಕೂಗ್ಲಿಲ್ಲ ಕಣ್ಲಾ" ಎಂದಷ್ಟೇ ಅನ್ನುತ್ತಿದ್ದರು. ನಾನು ಕಡತ ಎದೆಗವಚಿಕೊಂಡು ಪಕ್ಕದಲ್ಲೇ ಹಾದುಹೋದೆ.

ಅಲ್ಲಿಂದ ಮುಂದೆ ಸರ್ವಿಸ್ ಮುಗಿಯುವ ತನಕ ಒಂದು ದಿನವೂ ಮೂರನೇ ಕೂಗು ತಪ್ಪಿಸಲಿಲ್ಲ. ಹಿಂದೆ ಒಂದು ನರಪಿಳ್ಳೆ ಇಲ್ಲದಿದ್ದರೂ ಹೋಗಿ ನಲ್ಲಿಗೆ ಕೂಗಿ ಬರುತ್ತಿದ್ದೆ. ಲಾಯರುಗಳು "ಬೋರಣ್ಣನ ಶಿಸ್ತು ನೋಡ್ರಪ್ಪ" ಎಂದು ಹೊಸಬರಿಗೆ ತೋರಿಸುತ್ತಿದ್ದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಆಮೇಲೆ ಮೈಕು ಬಂತು, ಕೊನೆಗೆ ಕೇಸಿನ ನಂಬರು ಪರದೆಯ ಮೇಲೆ ಬರಲು ಶುರುವಾಯಿತು. ಮಕ್ಕಳೇ, ಪರದೆ ಓದಲು ಬಾರದವರು ಇನ್ನೂ ನಲ್ಲಿಯ ಹತ್ತಿರವೇ ಕೂತಿರುತ್ತಾರೆ. ಒಂದು ಸಲ ಎದ್ದುಹೋಗಿ ನೋಡಿ.

ಈಗ ನಾಟಕದ ವಿಷಯ. ನನ್ನ ಮಗಳು ಸುಮಾ ಹಾಸನದಲ್ಲಿ ನರ್ಸು. ನಾನು ಮನೆಯಲ್ಲಿ ಮಾತಿಲ್ಲದೆ ಕೂತಿರುತ್ತೇನೆ ಎಂದು ಅವಳಿಗೆ ಚಿಂತೆ. "ಅಪ್ಪಾ, ಭಾನುವಾರ ಮಧ್ಯಾಹ್ನ ಒಂದು ಕಾಮಿಡಿ ನಾಟಕ ಇದೆ. ನೋಡೋರನ್ನೂ ಸೇರಿಸ್ಕೊಂಡು ಆಡ್ತಾರಂತೆ. ಕೋರ್ಟಿನ ಕಥೆ, ನಿಮಗೆ ಇಷ್ಟವಾಗುತ್ತೆ ಬನ್ನಿ" ಎಂದಳು. ನೋಡೋರನ್ನು ಸೇರಿಸಿಕೊಂಡು ಅಂದರೆ ಏನು ಎಂದು ನಾನು ಕೇಳಲಿಲ್ಲ. ಚಪ್ಪಾಳೆ ಹೊಡೆಸುತ್ತಾರೇನೋ ಅಂದುಕೊಂಡೆ.

ಹೋದ ಕೂಡಲೇ ದಂಗಾಗಿಬಿಟ್ಟೆ. ವೇದಿಕೆಯೇ ಇಲ್ಲ! ಹಾಲಿನ ನಡುವೆ ಜಾಗ ಬಿಟ್ಟು ಸುತ್ತ ಕುರ್ಚಿ ಹಾಕಿದ್ದಾರೆ. ನನ್ನ ಪಕ್ಕ ಕೂತು ಕಡ್ಲೆಕಾಯಿ ತಿನ್ನುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಎದ್ದು, ಹತ್ತಿಯಲ್ಲಿ ಮಾಡಿದ ಬಿಳಿ ಕೂದಲು ತಲೆಗೆ ಹಾಕಿಕೊಂಡು, ನಡುವಿನ ಮೇಜಿಗೆ ಹೋಗಿ ಜಡ್ಜಾಗಿ ಕೂತ. ಸುತ್ತಿಗೆಯ ಬದಲು ಮುದ್ದೆ ತೊಳಸುವ ಕೋಲು. ಅದರಲ್ಲಿ ಟಣ್ ಎಂದು ಒಂದು ತಪ್ಪಲೆಗೆ ಹೊಡೆದ. ನ್ಯಾಯಪೀಠಕ್ಕೆ ಹೀಗಾ ಮಾಡೋದು ಎಂದು ನನಗೆ ಸಿಟ್ಟೇ ಬಂತು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಕೂತಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರನ್ನು ಎಬ್ಬಿಸಿ ಆರೋಪಿ ಮಾಡಿದರು. ಆರೋಪ ಏನೆಂದರೆ, ದಿನಾ ಬೆಳಗ್ಗೆ ಐದಕ್ಕೆ ನೆಂಟರ ವಾಟ್ಸಾಪ್ ಗುಂಪಿಗೆ ಗುಲಾಬಿ ಹೂವು ಹಾಕಿ ಗುಡ್ ಮಾರ್ನಿಂಗ್ ಕಳಿಸುವುದು. ಮೇಷ್ಟ್ರು "ತಪ್ಪು ಒಪ್ಕೊಂಡೆ, ಆದ್ರೆ ನಿಲ್ಸಲ್ಲ" ಎಂದರು. ಜನ ಬಿದ್ದು ಬಿದ್ದು ನಕ್ಕರು. ಸಿಟ್ಟಾಗಿದ್ದ ನಾನೂ ನಕ್ಕೆ.

ಆಗ ಜಡ್ಜು, "ಸಾಕ್ಷಿ ಕರೀರಿ" ಎಂದ. ದಲಾಯತ್ ವೇಷದವನೊಬ್ಬ ಬಂದು ನಿಂತಲ್ಲೇ ನಿಂತು, ಹಲ್ಲು ಬಿಡುತ್ತ, ಯಾವುದೋ ಹೆಸರನ್ನು ಬಡಬಡಬಡ ಎಂದು ಮೂರು ಸಲ ಒಂದೇ ಉಸಿರಿಗೆ ಕೂಗಿದ. ನನಗೆ ತಡೆಯಲಾಗಲಿಲ್ಲ. "ಅಂಗಲ್ಲ ಕಣಯ್ಯ ಕೂಗೋದು!" ಎಂದು ಕೂತಲ್ಲಿಂದಲೇ ಅಂದೆ. ನನ್ನ ಗಂಟಲು ಗೊತ್ತಲ್ಲ, ಇಡೀ ಹಾಲಿಗೆ ಕೇಳಿತು. ಸುಮಾ ತೊಡೆ ಚಿವುಟಿ, "ಅಪ್ಪಾ, ಸುಮ್ನಿರಿ" ಎಂದಳು. ತಡವಾಗಿತ್ತು. ಜಡ್ಜು ಕೋಲು ನನ್ನ ಕಡೆ ಚಾಚಿ, "ಬನ್ನಿ ಯಜಮಾನ್ರೇ, ನೀವೇ ತೋರಿಸಿ" ಎಂದ. ನಾಲ್ಕು ಕೈ ಸೇರಿ ನನ್ನನ್ನು ಎತ್ತಿ ನಡುವಿಗೆ ತಂದವು. ಎದೆಗೆ ಕೆಂಪು ಪಟ್ಟಿ ಹಾಕಿದರು.

ಮೂವತ್ತನಾಲ್ಕು ವರ್ಷದ ಕೆಲಸ ಎಂದು ಗೊತ್ತಾದ ಮೇಲಂತೂ ಜನ ಶಿಳ್ಳೆ ಹೊಡೆದರು. ಸುಳ್ಳೇಕೆ, ಹಿಗ್ಗಿ ಹೋದೆ. ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಎಂದು ಆ ನಟನಿಗೆ ಪಾಠ ಹೇಳಿಕೊಟ್ಟೆ. ಜಡ್ಜು, "ಸರಿ, ಈಗ ನಿಮಗಿಷ್ಟ ಬಂದ ಒಂದು ಹೆಸರು ಕೂಗಿ. ಯಾರಾದ್ರೂ ಸರಿ, ನಮಗೊಬ್ಬ ಸಾಕ್ಷಿ ಬೇಕು" ಎಂದ.

ಯಾವುದಾದರೂ ಹೆಸರು. ನನ್ನ ಬಾಯಲ್ಲಿ ಎಷ್ಟು ಸಾವಿರ ಹೆಸರು ಬಂದು ಹೋಗಿವೆ! ಯೋಚನೆ ಮಾಡದೆ ಬಾಯಿ ತೆರೆದೆ.

"ಸಾಕಮ್ಮ ಕೋಂ ಲೇಟ್ ನಿಂಗೇಗೌಡಾ... ಹಾಜರಿದ್ದೀರಾ..."

ಕೂಗಿದ ಮೇಲೆ ನನಗೇ ಗೊತ್ತಾದದ್ದು ಯಾರ ಹೆಸರು ಕೂಗಿದೆ ಎಂದು. ಜನ ಚಪ್ಪಾಳೆ ಹೊಡೆಯುತ್ತಿದ್ದಾರೆ, ನಿಲ್ಲಿಸುವುದು ಹೇಗೆ? ಎದುರು ಬಾಗಿಲ ಕಡೆ ತಿರುಗಿ ಎರಡನೇ ಸಲ ಕೂಗಿದೆ. ಆಮೇಲೆ ಕಾಲು ತಾನಾಗಿಯೇ ಹಿಂದಕ್ಕೆ ನಡೆಯಿತು. ಹಾಲಿನ ಹಿಂಭಾಗದಲ್ಲಿ ಹೆಂಗಸರು ಗುಂಪಾಗಿ ಕೂತಿದ್ದರು. ಅವರ ಮುಂದೆ ನಿಂತು ಮೂರನೇ ಸಲ ಕೂಗಿದೆ.

"ಬಂದೆ ಸ್ವಾಮೀ!"

ಹಿಂದಿನ ಸಾಲಿನಿಂದ ಒಂದು ಮುದುಕಿ ಕೋಲೂರಿಕೊಂಡು ಎದ್ದಿತು. ತಲೆ ತುಂಬ ಸೆರಗು, ಮುಖ ಕಾಣದು. ದೇವರಾಣೆ ಹೇಳುತ್ತೇನೆ, ಆಕೆಯೇ ಬಂದರು ಅಂದುಕೊಂಡೆ. ಕುಂಟುತ್ತ ನನ್ನೆದುರು ಬಂದು ನಿಂತು ಸೊಂಟದ ಮೇಲೆ ಕೈಯಿಟ್ಟು, "ಎಷ್ಟೊತ್ತು ಕಾಯಿಸ್ತೀರ ಸ್ವಾಮಿ? ಬೆಳಗಿಂದ ಅಲ್ಲೇ ಕುಂತಿದ್ದೆ, ನನ್ನ ಎಸ್ರು ಒಬ್ರಾದ್ರೂ ಕೂಗಿದ್ರಾ?" ಎಂದಿತು. ಹಾಲಿಗೆ ಹಾಲೇ ನಗುತ್ತಿತ್ತು.

"ತಪ್ಪಾಯ್ತು ತಾಯಿ" ಎಂದು ಕೈಮುಗಿದೆ. "ಅವತ್ತು ಎರಡೇ ಸಲ ಕೂಗಿದ್ದು."

ನಗು ಇನ್ನೂ ಜೋರಾಯಿತು. ಜಡ್ಜು ತಪ್ಪಲೆ ಬಡಿದು, "ಅಯ್ಯಯ್ಯೋ, ಕೂಗೋನೇ ಕಳ್ಳನಾ! ಹತ್ತಿಸ್ರಪ್ಪ ಕಟಕಟೆಗೆ!" ಎಂದ. ಮೇಷ್ಟ್ರನ್ನು ಇಳಿಸಿ ನನ್ನನ್ನು ಹತ್ತಿಸಿದರು. ಎರಡು ಪ್ಲಾಸ್ಟಿಕ್ ಕುರ್ಚಿಗಳ ನಡುವೆ ನಿಂತೆ.

"ಯಾಕ್ರೀ ಮೂರನೇ ಸಲ ಕೂಗಲಿಲ್ಲ?"

"ಟೀ ಆರೋಗ್ತಿತ್ತು ಸ್ವಾಮಿ."

ಅವತ್ತಿನ ನಾಟಕದಲ್ಲಿ ಎಲ್ಲಕ್ಕಿಂತ ಜೋರಾಗಿ ಜನ ನಕ್ಕದ್ದು ಆ ಮಾತಿಗೆ. ಒಬ್ಬರು ಕಣ್ಣೊರೆಸಿಕೊಂಡರು, ಒಬ್ಬರು ಕುರ್ಚಿಯಿಂದ ಜಾರಿದರು. ನಾನು ಬೆಪ್ಪಾಗಿ ನೋಡುತ್ತ ನಿಂತೆ. ಯಾರಿಗೂ ಹೇಳದೆ ಇಷ್ಟು ವರ್ಷ ಎದೆಯಲ್ಲಿ ಮುಚ್ಚಿಟ್ಟುಕೊಂಡದ್ದನ್ನು ಎಲ್ಲರೆದುರು ಬಿಚ್ಚಿಡುತ್ತಿದ್ದೇನೆ, ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ!

"ಆಮೇಲೆ ಸಾಹೇಬರು ಕೇಳಿದಾಗ ಏನಂದಿರಿ?" ಜಡ್ಜು ಬಿಡಲಿಲ್ಲ.

"ಮೂರು ಸಲ ಕೂಗಿದೆ ಅಂತ ಸುಳ್ಳು ಹೇಳಿದೆ. ಆಯಮ್ಮನ ಮನೆ ಹೋಯ್ತು."

"ಎಂಥಾ ಆಕ್ಟಿಂಗ್ ಗುರೂ!" ಎಂದು ಯಾರೋ ಕಿರುಚಿದರು. ಜಡ್ಜು ಎದ್ದು ನಿಂತು ಸಭೆಯನ್ನು ಕೇಳಿದ. "ನೀವೇ ಪಂಚಾಯ್ತಿದಾರರು. ಶಿಕ್ಷೆ ಕೊಡಿ ಅನ್ನೋರು ಕೈಯೆತ್ತಿ." ಒಂದೂ ಕೈ ಏಳಲಿಲ್ಲ. "ಬಿಟ್ಬಿಡೋಣ ಅನ್ನೋರು ಶಿಳ್ಳೆ ಹೊಡೀರಿ." ಸೂರು ಹಾರಿಹೋಗುವ ಹಾಗೆ ಶಿಳ್ಳೆ. ಖುಲಾಸೆ! ಆದರೂ ಸಣ್ಣ ಶಿಕ್ಷೆ ಇರಲಿ ಎಂದು ಆರಿದ ಟೀ ಒಂದು ಲೋಟ ತರಿಸಿ ಎಲ್ಲರೆದುರು ಕುಡಿಸಿದರು. ಕುಡಿದೆ.

ಆ ಮುದುಕಿ ವೇಷದವಳು ಪಕ್ಕದಲ್ಲೇ ನಿಂತಿದ್ದಳು. ಸೆರಗಿನೊಳಗೆ ಇಪ್ಪತ್ತೈದರ ಹುಡುಗಿಯ ಮುಖ. ಅವಳು ನಗುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ, "ಸರ್, ಇದು ನಿಜಾನಾ?" ಎಂದಳು.

ಹೌದೆಂದು ತಲೆ ಆಡಿಸಿದೆ. ತಲೆ ಆಡಿಸುವುದರಲ್ಲಿ ನಾನು ಪಳಗಿದವನಲ್ಲವೇ.

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ ಸರ್, ಯಾವ ಹೆಸರು ಕೂಗಿದ್ರೂ ಎದ್ದು ಬರೋದು ನನ್ನ ಪಾರ್ಟು. ನಾನು ಬಂದೆ ಅಂದದ್ದು ಲೆಕ್ಕಕ್ಕಿಲ್ಲ ಸರ್" ಎಂದಳು.

ಸುಮಾ ಸ್ಕೂಟರಿನಲ್ಲಿ ಮನೆಗೆ ಕರೆದುಕೊಂಡು ಬಂದಳು. ಗಾಡಿ ನಿಲ್ಲಿಸಿ ಹೆಲ್ಮೆಟ್ ತೆಗೆದು, "ಅಪ್ಪಾ, ನೀವು ಹಂಗೆ ಮಾಡಿದ್ರಾ?" ಎಂದಳು. ಅವಳನ್ನು ಓದಿಸಿದ್ದೂ ಅದೇ ಕೆಲಸದ ಸಂಬಳ. ಮಾಡಿದೆ ಕಣವ್ವ ಎಂದೆ. ಅವಳು ನನ್ನನ್ನು ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದಳು.

ಸಾಕಮ್ಮನ ಲಾಯರು ಈಗಿಲ್ಲ. ಅವರ ಹಳೇ ಗುಮಾಸ್ತರನ್ನು ಹುಡುಕಿ ವಿಚಾರಿಸಿದೆ. ಕೇಸು ಸೋತ ಮೇಲೆ ತಾಯಿ ಮಗ ಶಾಂತಿಗ್ರಾಮದ ಕಡೆ ಬಂದು ನೆಲೆಸಿದ್ದಾರೆ, ಮಗ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾನೆ, ಮುದುಕಿ ಇನ್ನೂ ಇದೆ ಎಂದರು. ನಾನೀಗ ನಿಜ ಬರೆದುಕೊಟ್ಟರೆ ಕೇಸು ಮತ್ತೆ ಏಳುತ್ತದೆಯೇ ಎಂದು ಕೇಳಿದೆ. "ಬೋರಣ್ಣ, ಆ ಮನೆ ಕೆಡವಿ ಮೈದುನನ ಮಕ್ಕಳು ಎರಡಂತಸ್ತು ಎಬ್ಬಿಸವ್ರೆ. ಯಾವ ಕಾಲದ ಮಾತು ಆಡ್ತೀಯ?" ಎಂದರು.

ಮಂಗಳವಾರ ಬೆಳಗ್ಗೆ ಬಸ್ಸು ಹತ್ತಿದೆ. ಮನೆಯ ಮುಂದೆ ಕುಮಾರ ಹಸುವಿಗೆ ಮೇವು ಹಾಕುತ್ತಿದ್ದ. ಕೂದಲು ನರೆತಿತ್ತು. ನನ್ನ ಗುರುತು ಹತ್ತಲಿಲ್ಲ.

"ಯಾರ್ ಬೇಕಿತ್ತು ಸಾ?"

"ನಿಮ್ಮ ತಾಯಿ."

"ಇತ್ತಲಲ್ಲಿ ಪಾತ್ರೆ ಉಜ್ತಾ ಅವಳೆ. ಇಲ್ಲಿಂದ ಕರುದ್ರೆ ಉಪಯೋಗ ಇಲ್ಲ ಸಾ, ನಮ್ಮವ್ವಂಗೆ ಕಿವಿ ಮೊದ್ಲಿಂದ್ಲೂ ಅಷ್ಟಕ್ಕಷ್ಟೇ" ಎಂದು ನಕ್ಕ. "ಕೋರ್ಟಲ್ಲಿ ಮೂರು ಸಲ ಕೂಗಿದ್ದೇ ಕೇಳಿಸ್ದೆ ಅಟ್ಟಿ ಕಳ್ದೋಳು ಅವಳು. ಅವಳ ಮೊಮ್ಮಕ್ಕಳ ತನಕ ಎಲ್ರಿಗೂ ಗೊತ್ತು ಈ ಕತೆ."

ಆ ನಗು ಕೇಳಿ ನನಗೆ ನಾಟಕದ ಹಾಲೇ ಕಣ್ಣ ಮುಂದೆ ಬಂತು. ಮನೆ ಹೋದದ್ದು ಒಂದು ಸಲ. ಈ ಮಾತನ್ನು ಆಕೆ ಎಷ್ಟು ವರ್ಷದಿಂದ ದಿನಾ ಕೇಳುತ್ತಿರಬೇಕು! ಕುಮಾರನಿಗೆ ಏನೂ ಹೇಳದೆ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದೆ. ಅವನು ಬೆಚ್ಚಿ ಮೇವಿನ ಕಟ್ಟು ಕೆಳಗೆ ಹಾಕಿದ. ಬೀದಿಯ ಕಡೆ ತಿರುಗಿ ಎರಡನೇ ಸಲ ಕೂಗಿದೆ. ಆಮೇಲೆ ಗೋಡೆ ಬಳಸಿಕೊಂಡು ಹಿತ್ತಿಲಿಗೆ ಹೋದೆ.

ಆಕೆ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು, ನನಗೆ ಬೆನ್ನು ಹಾಕಿ. ನೀರು ಧೋ ಎಂದು ಬೀಳುತ್ತಿತ್ತು.

"ಸಾಕಮ್ಮ ಕೋಂ ಲೇಟ್ ನಿಂಗೇಗೌಡಾ, ಹಾಜರಿದ್ದೀರಾ..."

ಕೈಯಲ್ಲಿದ್ದ ತಪ್ಪಲೆ ನಿಂತಿತು. ಆಕೆ ನಲ್ಲಿ ನಿಲ್ಲಿಸಿ ತಿರುಗಿದರು. ಕಣ್ಣು ಕಿರಿದು ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀನು ಕೋರ್ಟಿನ ಕೂಗೋನಲ್ವಾ?" ಎಂದರು. ಕಿವಿಗೆ ಏನೂ ಆಗಿರಲಿಲ್ಲ.

"ಹೌದು ತಾಯಿ. ಅವತ್ತು ಈ ಮೂರನೇ ಕೂಗು ಕೂಗಲಿಲ್ಲ. ಹಿಂದಕ್ಕೆ ಬರಲೇ ಇಲ್ಲ. ಸಾಹೇಬರು ಕೇಳಿದಾಗ ಸುಳ್ಳು ಹೇಳಿದೆ. ನೀವು ಅಲ್ಲೇ ಇದ್ದಿರಿ." ಯಾಕೆ ಬರಲಿಲ್ಲ ಅನ್ನೋದನ್ನೂ, ಆ ಟೀ ವಿಷಯವನ್ನೂ ಹೇಳಿದೆ. ಇಲ್ಲಿ ಯಾರೂ ನಗಲಿಲ್ಲ.

ನನ್ನ ಹಿಂದೆಯೇ ಬಂದಿದ್ದ ಕುಮಾರ ಗೋಡೆಗೆ ಕೈಕೊಟ್ಟು ನಿಂತಿದ್ದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ, ತಾಯಿಯನ್ನು ನೋಡುತ್ತಿದ್ದ. "ಅವ್ವಾ..." ಎಂದ.

ಸಾಕಮ್ಮ ಅವನ ಕಡೆ ತಿರುಗಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಕೂತ್ಕೊ ಅನ್ನಲೂ ಇಲ್ಲ. ನಮ್ಮ ಕಡೆ ಶತ್ರು ಬಂದರೂ ಒಂದು ಲೋಟ ನೀರು ಕೊಡುತ್ತಾರೆ. ಅದನ್ನೂ ಕೊಡಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತು, "ಈಗ ಅಂದ್ಯಲ್ಲ, ನಾನು ಅಲ್ಲೇ ಇದ್ದೆ ಅಂತ. ಅದನ್ನ ಇನ್ನೊಂದ್ಸಲ ಏಳು. ಇಂಗಲ್ಲ, ಕೋರ್ಟಲ್ಲಿ ಕೂಗ್ತಿದ್ಯಲ್ಲ, ಅಂಗೆ. ಸೊಸೆ ಒಳಗವಳೆ, ಅವಳಿಗೂ ಕೇಳ್ಬೇಕು. ಬೀದಿಗೂ ಕೇಳ್ಬೇಕು" ಎಂದರು.

ಮುಂಬಾಗಿಲಿಗೆ ಹೋದೆ. ಆಕೆ ಕೋಲಿಲ್ಲದೆ ಗೋಡೆ ಹಿಡಿದುಕೊಂಡು ನನ್ನ ಹಿಂದೆಯೇ ಬಂದರು. ಮನೆಯೊಳಗಿನ ಕಡೆ ಮುಖ ಮಾಡಿ ಕೂಗಿದೆ: "ಸಾಕಮ್ಮ ಕೋಂ ಲೇಟ್ ನಿಂಗೇಗೌಡ ಅವತ್ತು ಹಾಜರಿದ್ದರು!" ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಬೀದಿಯ ಕಡೆ ತಿರುಗಿ ಕೂಗಿದೆ. ಎದುರು ಮನೆಯ ಬಾಗಿಲು ತೆರೆಯಿತು, ಡೈರಿಯ ಹತ್ತಿರ ಕ್ಯಾನು ಹಿಡಿದು ನಿಂತವರು ತಿರುಗಿ ನೋಡಿದರು. ಮೂರನೆಯದಕ್ಕೆ ಕುಮಾರನ ಎದುರು ನಿಂತೆ. ಪೂರ್ತಿ ಕೂಗಿದೆ. ಅವನು ತಲೆ ತಗ್ಗಿಸಿದ.

ಸಾಕಮ್ಮ ಸೆರಗು ಸರಿಮಾಡಿಕೊಂಡು, ಸಾಹೇಬರ ಮುಂದೆ ನಿಲ್ಲುವ ಹಾಗೆ ನೆಟ್ಟಗೆ ನಿಂತು, "ಇದ್ದೆ ಸ್ವಾಮಿ" ಎಂದರು.